ಮೂರನೆಯ ಪ್ಲಗ್ಗು

ನಾನು ಸದ್ಯಕ್ಕೆ ಜಂಬದಲ್ಲಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿನಯದಿಂದ ಮಾತು ಶುರುಮಾಡಿ ನಡುವೆ ಎಲ್ಲೋ ಮೆಲ್ಲಗೆ ತಮ್ಮನ್ನು ಹೊಗಳಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಚಿಕ್ಕೋಡಿಯ ನಮ್ಮ ಮನೆಯ ಅಂಗಳದಲ್ಲಿ, ಹಾಡಹಗಲು, ಓಣಿಯ ನಾಲ್ಕು ಜನ ನೋಡುತ್ತಿರುವಾಗ, ನಾನು ನನ್ನ ಕೈಯಾರೆ ಕಾರಿನ ಮೂರೂ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಾಯಿಸಿದ್ದೇನೆ. ಅದರಲ್ಲಿ ಮೂರನೆಯದು ಕಣ್ಣಿಗೆ ಕಾಣುವಂಥದ್ದಲ್ಲ. ಈ ಕೆಲಸದಲ್ಲಿ ಬಲಗೈಗೆ ಆದ ಗೀರುಗಳು ಇನ್ನೂ ಪೂರ್ತಿ ಮಾಸಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಆ ಕೈಯನ್ನೇ ತುಸು ಹೆಚ್ಚು ಮುಂದೆ ಚಾಚುತ್ತೇನೆ, ಯಾರಾದರೂ ಏನಾಯಿತೆಂದು ಕೇಳಲಿ ಎಂದು. ಯಾರೂ ಕೇಳುವುದಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಾನು ಅಂಕಲಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವಳು. ನಮ್ಮವರು ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು. ಮನೆಯಲ್ಲಿ ಮೂರನೆಯವರು ಅತ್ತೆ. ಏಕಸಂಬಿಯ ಜೈನರ ಮನೆಯ ಮಗಳು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಅಗುಳು ಹಾಕುವವರಲ್ಲ, ಹೊತ್ತು ಮುಳುಗುವ ಮುಂಚೆ ಮನೆಗೆ ಬಂದವರನ್ನು ಉಣ್ಣಿಸದೆ ಬಿಡುವವರೂ ಅಲ್ಲ. ನಾಲ್ಕನೆಯ ಸದಸ್ಯ ಎನ್ನಬಹುದಾದದ್ದು ಕಾರು. ಅದಕ್ಕೆ ವಯಸ್ಸಾಗಿದೆ, ಬಣ್ಣ ಅಲ್ಲಲ್ಲಿ ಮಂಕಾಗಿದೆ, ಒಂದು ಬಾಗಿಲು ಎರಡು ಸಲ ಬಡಿದರೆ ಮಾತ್ರ ಮುಚ್ಚುತ್ತದೆ.

ಈ ಕಾರು ನನಗೆ ಏನು ಎನ್ನುವುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಡ್ರೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ. ಅದಕ್ಕೂ ಮುಂಚೆ ಅಥಣಿಯ ತವರಿಗೆ ಹೋಗಬೇಕೆಂದರೆ ಬಿಡುವವರಿಗೆ ಪುರಸೊತ್ತು ಆಗುವತನಕ ಕಾಯಬೇಕಿತ್ತು, ಹೋದಮೇಲೆ ಕರೆಯಲು ಬರುವವರಿಗಾಗಿ ಕಾಯಬೇಕಿತ್ತು. ಹೋಗುವುದು ನನ್ನ ಕೈಯಲ್ಲಿರಲಿಲ್ಲ, ಬರುವುದೂ ಇರಲಿಲ್ಲ. ಈಗ ತವರಿನಲ್ಲಿ ಊಟಕ್ಕೆ ಕೂತಾಗ ಅಣ್ಣನ ಜೊತೆ ಮಾತಿಗೆ ಮಾತು ಬೆಳೆದರೆ ಚಾವಿ ತೆಗೆದುಕೊಂಡು ಎದ್ದು ಬರಬಹುದು. ಇದುವರೆಗೆ ಹಾಗೆ ಎದ್ದು ಬಂದಿಲ್ಲ. ಆದರೆ ಬರಬಹುದು ಎಂಬ ಧೈರ್ಯವೇ ಆ ಊಟಕ್ಕೆ ರುಚಿ ಕೊಡುತ್ತದೆ. ಕಾಗದದ ಮೇಲೆ ಕಾರು ನಮ್ಮವರ ಹೆಸರಿನಲ್ಲಿದೆ. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡವಳಲ್ಲ, ಈ ಹಂಗಾಮಿನವರೆಗೆ.

ಹಂಗಾಮು ಎಂದರೆ ಕಬ್ಬು ನುರಿಸುವ ಕಾಲ. ದೀಪಾವಳಿ ಮುಗಿದು ಕಾರ್ಖಾನೆಯ ಚಿಮಣಿ ಹೊಗೆ ಬಿಡತೊಡಗಿದ ಹೊತ್ತಿಗೆ ನಮ್ಮ ಕಾರು ಕುಲುಕತೊಡಗಿತು. ಸಪಾಟು ರಸ್ತೆಯಲ್ಲಿ ಒಳ್ಳೆಯ ಹುಡುಗಿಯ ಹಾಗೆ ಇರುತ್ತಿತ್ತು. ಅಂಕಲಿ ಬಿಟ್ಟು ಚಿಕ್ಕೋಡಿಯ ಏರು ಬಂತೆಂದರೆ ಬಿಕ್ಕಳಿಕೆ ಶುರು. ಒಂದು ಸಂಜೆ ಕಬ್ಬು ಹೇರಿದ ಎರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರು, ದೊಡ್ಡ ದನಿಯಲ್ಲಿ ಮರಾಠಿ ಹಾಡು ಹಚ್ಚಿಕೊಂಡು, ಆ ಏರಿನಲ್ಲಿ ನನ್ನನ್ನು ಹಿಂದೆ ಹಾಕಿ ಹೋಯಿತು. ಅದರ ಡ್ರೈವರು ತಿರುಗಿ ನೋಡಿ ಕನಿಕರದಿಂದ ಕೈಬೀಸಿದ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ನಮ್ಮ ಗಾಡಿ ನೋಡುವ ಮಿಸ್ತ್ರಿಗೆ ಫೋನು ಹಚ್ಚಿದೆ. ಒಳ್ಳೆಯ ಮನುಷ್ಯ, ಫೋನಿನಲ್ಲೇ ರೋಗ ಹೇಳಿದ. "ಟೀಚರ್, ಪ್ಲಗ್ ಹೋಗ್ಯಾವ್ರಿ. ಖರೆ ನಿಮ್ಮ ಗಾಡೀದು ಇಂಜಿನ್ನಿನ ಹಿಂದಿನ ಬಾಜೂಕ ಅದಾವ. ಮೂರನೇದಕ್ಕ ಕೈನ ಹೋಗಂಗಿಲ್ಲ, ಅರ್ಧಾ ಬಿಚ್ಚಬೇಕು. ನನ್ನ ಕಡೆ ಈಗ ಟ್ರ್ಯಾಕ್ಟರಿನ ಪಾಳೀನ ಹಚ್ಚೇತಿ. ಹಂಗಾಮ ಮುಗೀಲಿ, ನೋಡೂಣು." ಅವನ ತಪ್ಪೇನೂ ಇಲ್ಲ. ಹಂಗಾಮಿನಲ್ಲಿ ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಗ್ಯಾರೇಜಿಗೆ ಹೋದರೂ ಇದೇ ಮಾತು. ನಿಂತ ಟ್ರ್ಯಾಕ್ಟರಿನ ಮೇಲೆ ಕಬ್ಬು ಒಣಗುತ್ತದೆ, ನಿಂತ ಕಾರಿನ ಮೇಲೆ ಧೂಳು ಮಾತ್ರ ಕೂರುತ್ತದೆ. ಆದರೆ ಹಂಗಾಮು ಮುಗಿಯುವುದೆಂದರೆ ಬೇಸಿಗೆ ಬಂದಹಾಗೆ.

ನಮ್ಮವರಿಗೆ ಇದನ್ನು ಹೇಳಿದೆ. ಮರುದಿನ ಊಟ ಮಾಡಿ ಕೈ ತೊಳೆಯುತ್ತ ಹೇಳಿದರು. "ನಿಪ್ಪಾಣ್ಯಾಗ ಒಬ್ಬರು ತಂಬಾಕಿನ ವ್ಯಾಪಾರಸ್ಥರು ಅದಾರ. ಹಳೀ ಗಾಡಿ ಹುಡುಕಾಕತ್ತಾರ. ಕುಲುಕತೈತಿ ಅಂತ ಹೇಳೇನಿ, ಆದರೂ ನೋಡ್ತೀನಿ ಅಂದಾರ. ರವಿವಾರ ಸಂಜೀಕ ಬರ್ತಾರ. ಮುಂದಿನ ವರ್ಷ ಹೊಸಾದು ತಗೊಳ್ಳೂಣು."

ಮುಂದಿನ ವರ್ಷ ಎನ್ನುವುದನ್ನು ನಾನು ಬಲ್ಲೆ. ನಮ್ಮ ಅಡುಗೆಮನೆಗೆ ಹೊಸ ಕಟ್ಟೆ ಬರುವುದೂ ಮುಂದಿನ ವರ್ಷವೇ. ಆದರೆ ನನಗೆ ಸಿಟ್ಟು ಬಂದದ್ದು ಮಾರುವ ಮಾತಿಗಲ್ಲ. ಮಾರುವ ಮಾತನ್ನು ಆಡಿ ಮುಗಿಸಿ, ರವಿವಾರವನ್ನೂ ಗೊತ್ತುಮಾಡಿ, ಆಮೇಲೆ ನನಗೆ ಸುದ್ದಿ ತಿಳಿಸಿದರಲ್ಲ, ಅದಕ್ಕೆ. ನಾನು ಜಗಳ ಆಡಲಿಲ್ಲ. ಜಗಳದಿಂದ ಕಾರು ನೆಟ್ಟಗಾಗುವುದಿಲ್ಲ. ಕಾರು ನೆಟ್ಟಗಾದರೆ ಮಾರಲು ಕಾರಣವೇ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಶನಿವಾರ ಶಾಲೆಯಿಂದ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ಬಿಡಿಭಾಗದ ಅಂಗಡಿಯಲ್ಲಿ ಮೂರು ಪ್ಲಗ್ಗು ಕೊಂಡೆ.

ಪ್ಲಗ್ಗು ಎಷ್ಟು ಸಣ್ಣ ವಸ್ತು ನೋಡಿ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಮೇಲೆ ಬಿಳಿ ಪಿಂಗಾಣಿ, ಕೆಳಗೆ ತಿರುಪಿನಂಥ ಕಬ್ಬಿಣದ ಆಟಿ, ತುದಿಯಲ್ಲಿ ಉಗುರಿನಷ್ಟು ದಪ್ಪದ ಒಂದು ಸಂದು. ಆ ಸಂದಿನಲ್ಲಿ ಕಿಡಿ ಹಾರಬೇಕು, ಆಗ ಇಷ್ಟು ದೊಡ್ಡ ಗಾಡಿ ಹೋಗಬೇಕು. ಆದಿಮಾನವ ಕಲ್ಲಿಗೆ ಕಲ್ಲು ಕುಟ್ಟಿ ಬೆಂಕಿ ಮಾಡಿದನೆಂದು ನಾನು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳುತ್ತೇನೆ. ಯಜ್ಞಕ್ಕೆ ಅರಣಿ ಕಡೆದು ಬೆಂಕಿ ತೆಗೆಯುತ್ತಿದ್ದರೆಂದು ಹೇಳುತ್ತೇನೆ. ನಮ್ಮ ಅತ್ತೆಗೆ ಅದೆಲ್ಲ ಬೇಕಿಲ್ಲ, ಅವರು ಚಿಕ್ಕವರಿದ್ದಾಗ ಬೆಳಗ್ಗೆ ಎದ್ದು ಸಗಣಿ ಕುಳ್ಳಿನ ಚೂರು ಹಿಡಿದು ಯಾರ ಮನೆಯ ಒಲೆ ಮೊದಲು ಹತ್ತಿದೆಯೋ ಅವರಲ್ಲಿಗೆ ಕೆಂಡಕ್ಕೆ ಹೋಗುತ್ತಿದ್ದರಂತೆ. ಕೆಂಡ ಇಲ್ಲ ಎಂದವರನ್ನು ಊರು ಬಹಳ ದಿನ ನೆನಪಿಡುತ್ತಿತ್ತಂತೆ. ಮನುಷ್ಯ ಇಷ್ಟು ದೂರ ಬಂದು, ಆ ಬೆಂಕಿಯನ್ನು ಪಿಂಗಾಣಿಯ ಒಂದು ಕಡ್ಡಿಯಲ್ಲಿ ಹಿಡಿದಿಟ್ಟು, ಕೊನೆಗೆ ಅದನ್ನು ಕೈಗೆ ಸಿಗದ ಜಾಗದಲ್ಲಿ ಇಟ್ಟುಬಿಟ್ಟ. ಕೋಟೆ ಕಟ್ಟಿಸುವವರು ಕುಡಿಯುವ ನೀರಿನ ಬಾವಿಯನ್ನು ತೀರ ಒಳಗೆ ಇಡಿಸುತ್ತಿದ್ದರು, ಶತ್ರುವಿನ ಕೈಗೆ ಸಿಗಬಾರದೆಂದು. ನಾವು ಶತ್ರುಗಳೆಂದು ಆ ಕಾರಿನ ಇಂಜಿನಿಯರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ರವಿವಾರ ನಮ್ಮವರು ಮೊದಲ ಪಾಳಿಗೆ ಬೈಕ್ ಹತ್ತಿ ಹೋದರು. ನಾನು ಅವರ ಪಾನಾಗಳ, ಅಂದರೆ ಸ್ಪ್ಯಾನರುಗಳ, ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬಾನೆಟ್ಟು ಎತ್ತಿದೆ. ನಮ್ಮ ಕಡೆ ಒಂದು ರೂಢಿ ಇದೆ. ಬಾನೆಟ್ಟು ಮೇಲೆದ್ದಿತೆಂದರೆ ಓಣಿಯ ಗಂಡಸರು ಕರೆಯದೆಯೇ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇಂಜಿನ್ನಿನೊಳಗೆ ಇಣುಕಿ ನಿಲ್ಲುತ್ತಾರೆ. ಸಾವಿನ ಮನೆಯಲ್ಲೂ ಅಷ್ಟು ಗಂಭೀರವಾಗಿ ನಿಲ್ಲುವುದಿಲ್ಲ. ಅಂದೂ ಬಂದರು. ಒಬ್ಬರು ಬ್ಯಾಟರಿ ಎಂದರು, ಒಬ್ಬರು ಪೆಟ್ರೋಲಿನಲ್ಲಿ ಕಸ ಎಂದರು, ಇನ್ನೊಬ್ಬರು "ಯಾಕ ತ್ರಾಸ ತಗೋತೀರಿ ಟೀಚರ್, ಸಾಹೇಬ್ರು ಬರ್ಲಿ" ಎಂದರು. ಬೆನ್ನ ಹಿಂದಿನ ಕೈಗಳು ಮಾತ್ರ ಬೆನ್ನ ಹಿಂದೆಯೇ ಉಳಿದವು.

ಗಾಳಿ ಸೋಸುವ ಡಬ್ಬಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸಿದೆ. ಇಂಜಿನ್ನಿನ ಬೆನ್ನಿಗೂ ನಾವು ಕೂರುವ ಕಡೆಯ ತಗಡಿನ ಗೋಡೆಗೂ ನಡುವೆ ಒಂದು ಇಕ್ಕಟ್ಟಾದ ಸಂದಿ ಕಂಡಿತು. ಕತ್ತು ಓರೆ ಮಾಡಿದರೆ ಅಲ್ಲಿ ಎರಡು ಪ್ಲಗ್ಗು ಕಾಣುತ್ತಿದ್ದವು. ಮೂರನೆಯದು ಒಂದು ದಪ್ಪ ಕೊಳವೆಯ ಹಿಂದೆ ಅಡಗಿತ್ತು. ಕೈ ಹಾಕಲು ಹೋದರೆ ಬಳೆಗಳು ತಡೆದವು. ತೆಗೆದಿಡಲು ಕೂತೆ, ಅತ್ತೆ ಬಾಗಿಲಿಗೆ ಬಂದರು. ಬರಿಗೈಲಿ ಇರುವುದು ಅವರಿಗೆ ಸರಿಬರುವುದಿಲ್ಲ. "ಬಲಗೈಯಾಗಿನೂ ತಗದು ಎಡಗೈಯಾಗ ಹಾಕ್ಕೋ. ಗಾಡಿಗೂ ಆತು, ನಮಗೂ ಆತು" ಎಂದು ತೀರ್ಪು ಕೊಟ್ಟರು. ಮೊಣಕೈವರೆಗೆ ಬಳೆ ತುಂಬಿದ ಎಡಗೈ, ಬೋಳು ಬಲಗೈ, ಹೀಗೆ ನಾನು ಕೆಲಸಕ್ಕೆ ಇಳಿದೆ.

ಯಾವ ವಯರು ಯಾವ ಪ್ಲಗ್ಗಿನದು ಎಂಬುದು ಅದಲುಬದಲಾದರೆ ಇಂಜಿನ್ನು ಓಡುವುದಿಲ್ಲ. ಆದ್ದರಿಂದ ದೇವರ ಮನೆಯಿಂದ ಕುಂಕುಮದ ಭರಣಿ ತಂದು, ಒದ್ದೆ ಬೆರಳಿನಿಂದ ಮೊದಲನೆಯ ವಯರಿಗೆ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಬೊಟ್ಟು ಇಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ವಯರುಗಳನ್ನು ಕಿತ್ತು ಈಚೆಗೆ ಇಳಿಬಿಟ್ಟು, ಸೈಕಲ್ಲಿನ ಪಂಪಿನಿಂದ ಕುಳಿಗಳ ಧೂಳು ಊದಿ, ಉದ್ದನೆಯ ಪಾನಾ ಹಾಕಿ ಮೊದಲೆರಡನ್ನು ಬಿಚ್ಚಿದೆ.

ಮೂರನೆಯದಕ್ಕೆ ಪಾನಾ ಕೂರಿಸಬೇಕಾದರೆ ಕೈ ಕೊಳವೆಯ ಕೆಳಗಿಂದ ನುಸುಳಿ ಹೋಗಬೇಕಿತ್ತು. ತಳ್ಳಿದಷ್ಟೂ ಗೀರುಗಳಾದವೇ ಹೊರತು ಒಳಗೆ ಹೋಗಲಿಲ್ಲ. ಆಗ ನನಗೆ ಅಥಣಿಯ ನಮ್ಮ ಬಳೆಗಾರ್ತಿ ನೆನಪಾದಳು. ಹಬ್ಬದ ಮುಂದೆ ಕೈ ಹಿಡಿದುಕೊಂಡು ಕೂತರೆ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬೆರಳ ಬುಡದ ಎಲುಬುಗಳನ್ನು ಒಂದರ ಮೇಲೊಂದು ಕೂರಿಸುವಂತೆ ಮೆತ್ತಗೆ ಒತ್ತುತ್ತಿದ್ದಳು. "ಬಿಗಿ ಹಿಡೀಬ್ಯಾಡ ನನ್ನವ್ವಾ, ಬಿಗಿ ಹಿಡದ್ರ ಕೈ ದೊಡ್ಡದಾಗ್ತೈತಿ" ಎನ್ನುತ್ತಿದ್ದಳು. ಬಳೆ ತೊಡುವ ಹೆಂಗಸರಿಗೆಲ್ಲ ಕೈಯನ್ನು ಚಿಕ್ಕದು ಮಾಡುವ ಈ ವಿದ್ಯೆ ಗೊತ್ತು. ಯಾರೂ ಅದನ್ನು ವಿದ್ಯೆ ಎಂದು ಕರೆಯುವುದಿಲ್ಲ ಅಷ್ಟೇ. ಹೆಬ್ಬೆರಳು ಮಡಚಿದೆ, ಉಸಿರು ಬಿಟ್ಟೆ, ಕೈ ಸಡಿಲ ಬಿಟ್ಟೆ. ಒಳಗೆ ಹೋಯಿತು. ಬೆರಳುಗಳೇ ಕಣ್ಣಾಗಿ ಪಿಂಗಾಣಿಯನ್ನು ಹುಡುಕಿದವು. ಪಾನಾ ಕೂತಿತು, ಪ್ಲಗ್ಗು ಕಿರ್ರೆಂದು ಒಂದು ಸಲ ದನಿಮಾಡಿ ಸಡಿಲಾಯಿತು. ಹೊರಗೆ ತೆಗೆದು ನೋಡಿದರೆ ಮಸಿಯಿಂದ ಕರ್ರಗೆ, ಹಾಲು ಉಕ್ಕಿ ಹೊತ್ತಿದ ಪಾತ್ರೆಯ ತಳದಂತಿತ್ತು. ಇದೇ ಆ ಏರಿನಲ್ಲಿ ನನ್ನ ಮಾನ ಕಳೆದದ್ದು.

ಬಿಚ್ಚುವುದಕ್ಕಿಂತ ಹಾಕುವುದು ಕಷ್ಟ. ಇಂಜಿನ್ನಿನ ತಲೆ ಮೆತ್ತಗಿನ ಲೋಹದ್ದು. ಹೊಸ ಪ್ಲಗ್ಗು ಓರೆಯಾಗಿ ಕೂತು, ನಾವು ಪಾನಾ ಹಾಕಿ ಜೋರು ಮಾಡಿದರೆ ಆಟಿ ಕಿತ್ತುಹೋಗುತ್ತದೆ, ಆಮೇಲೆ ಆ ಕಾರನ್ನು ನಿಪ್ಪಾಣಿಯವರಲ್ಲ, ಯಾರೂ ಕೇಳುವುದಿಲ್ಲ. ಮೆತ್ತನೆಯ ರಬ್ಬರು ಕೊಳವೆಯ ತುದಿಗೆ ಪ್ಲಗ್ಗು ಸಿಗಿಸಿ ಕೈಯಿಂದ ತಿರುಗಿಸಬೇಕೆಂದು ಒಂದು ಹಿಂದಿ ವಿಡಿಯೋದಲ್ಲಿ ನೋಡಿದ್ದೆ. ಕಬ್ಬಿನ ಸೀಮೆಯಲ್ಲಿ ರಬ್ಬರು ಕೊಳವೆಗೆ ಏನು ಕೊರತೆ. ಹಿತ್ತಲಿನಲ್ಲಿ ಹನಿ ನೀರಾವರಿಯ ಡ್ರಿಪ್ಪಿನ ಪೈಪು ಸುರುಳಿಯಾಗಿ ಬಿದ್ದಿತ್ತು. ಅದರ ಒಂದು ತುಂಡು ಕತ್ತರಿಸಿ ತರಲು ಹೋದೆ, ಹಾಗೇ ಒಂದು ಲೋಟ ನೀರು ಕುಡಿದು ಬಂದೆ.

ಬರುವಷ್ಟರಲ್ಲಿ ಅತ್ತೆ ಕಾರಿನ ಮುಂದೆ ನಿಂತಿದ್ದರು. ಬ್ಯಾಟರಿಯ ಮೇಲೆ ಒಂದು ದಾಸವಾಳ. ಅವರ ಒಂದು ಕೈಯಲ್ಲಿ ಕುಂಕುಮದ ಭರಣಿ, ಇನ್ನೊಂದು ಕೈಯಲ್ಲಿ ಇನ್ನೂ ಹಚ್ಚದ ಊದಿನಕಡ್ಡಿ. ಮೂರೂ ವಯರುಗಳಿಗೆ ಸಾಲಾಗಿ ಮೂರು ಮೂರು ಬೊಟ್ಟು, ಅದರ ಮೇಲೆ ಅರಿಶಿನ. ನಾನು ಮೊದಲು ಊದಿನಕಡ್ಡಿ ಕಸಿದುಕೊಂಡೆ, ಆಮೇಲೆ ವಯರುಗಳನ್ನು ನೋಡಿ ಅಲ್ಲೇ ಕಟ್ಟೆಯ ಮೇಲೆ ಕೂತೆ.

"ಏನ್ ಮಾಡಿದ್ರಿ ಅತ್ತಿ?"

"ನೀ ಒಂದಕ್ಕ ಒಂದ ಬೊಟ್ಟ, ಇನ್ನೊಂದಕ್ಕ ಎರಡ ಬೊಟ್ಟ ಇಟ್ಟು ಹೋಗಿದ್ದಿ. ಪೂಜಿ ಹಂಗ ಅರ್ಧಾ ಬಿಡಬಾರದು. ನಾ ಪೂರಾ ಮಾಡೇನಿ" ಎಂದರು ಅತ್ತೆ, ಉಪಕಾರ ಮಾಡಿದ ಸಮಾಧಾನದಿಂದ.

ನಮ್ಮಲ್ಲಿ ಖಂಡೆ ನವಮಿಗೆ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಕುಂಕುಮ ಇಡುತ್ತೇವೆ. ಕಬ್ಬಿಣದ ಮೇಲೆ ಕುಂಕುಮ ಕಂಡರೆ ಅದು ಗುರುತಿನದು ಎಂದು ಯಾವ ಅತ್ತೆಗೆ ಹೊಳೆಯಬೇಕು. ತಪ್ಪು ನನ್ನದು, ಬಳಪ ಹಿಡಿದು ಬದುಕುವವಳು ಬಳಪದಿಂದ ಗೀಟು ಎಳೆಯಬಹುದಿತ್ತು. ಬೆನ್ನ ಹಿಂದೆ ಕೈ ಕಟ್ಟಿದವರಲ್ಲಿ ಇಬ್ಬರು "ಆತು ಬಿಡ್ರಿ ಇನ್ನ" ಎಂದು ಮನೆಗೆ ಹೋದರು. ಬಿಸಿಲು ಆಗಲೇ ಅಂಗಳದ ಅರ್ಧಕ್ಕೆ ಬಂದಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂತು. ಸಂಜೆ ನಿಪ್ಪಾಣಿಯವರು ಬರುತ್ತಾರೆ, ಕುಲುಕುವ ಕಾರಿನ ಬದಲು ಹೊರಡಲಾರದ ಕಾರು ನೋಡುತ್ತಾರೆ, ನಮ್ಮವರು ನನ್ನನ್ನು ಬೈಯುವುದೂ ಇಲ್ಲ, ಸುಮ್ಮನೆ ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರನ್ನು ನೆನೆದು ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದೆ.

ಮೊದಲು ಪ್ಲಗ್ಗುಗಳು. ಡ್ರಿಪ್ಪಿನ ಪೈಪು ಒಳ್ಳೆಯ ಗುಣದ್ದು. ಪ್ಲಗ್ಗು ನೆಟ್ಟಗೆ ಹೋಗುತ್ತಿದ್ದರೆ ತಿರುಗುತ್ತದೆ, ಓರೆಯಾಗಿ ಸಿಕ್ಕಿಕೊಂಡರೆ ತಾನೇ ಜಾರುತ್ತದೆ. ಅದಕ್ಕೆ ಜೋರು ಮಾಡುವ ಶಕ್ತಿಯೇ ಇಲ್ಲ, ಅದರಿಂದಲೇ ಏನೂ ಕೆಡುವುದಿಲ್ಲ. ಮೂರನೆಯದು ಎರಡು ಸಲ ಜಾರಿತು. ನಂತರ ಬೆರಳ ತುದಿಗೆ ಒಂದು ಹಿತವಾದ ಸುತ್ತು ತಿಳಿಯಿತು, ಇನ್ನೊಂದು, ಮತ್ತೊಂದು. ಅದು ತಳ ಮುಟ್ಟಿದಾಗ ಪಾನಾದಿಂದ ಸ್ವಲ್ಪವೇ ಬಿಗಿಮಾಡಿ ಕೈ ತೆಗೆದೆ. ಆ ಕ್ಷಣ ನನಗೆ ಆದ ಸುಖ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

ಉಳಿದದ್ದು ವಯರುಗಳ ಒಗಟು. ಇತಿಹಾಸದವರಿಗೆ ಶಾಸನ ಅಳಿಸಿಹೋದರೆ ಕಲ್ಲನ್ನೇ ಓದುವ ಅಭ್ಯಾಸ. ಅರಿಶಿನ ಕುಂಕುಮ ಬಿಟ್ಟು ವಯರುಗಳನ್ನೇ ನೋಡಿದೆ. ಒಂದು ಉಳಿದೆರಡಕ್ಕಿಂತ ಉದ್ದ, ಅದು ದೂರದ ಮೂರನೆಯದಕ್ಕೇ ಹೋಗಬೇಕು. ಉಳಿದೆರಡು ಸರಿಸುಮಾರು ಒಂದೇ ಅಳತೆ. ಒಂದನ್ನು ಅಲ್ಲಿ, ಒಂದನ್ನು ಇಲ್ಲಿ ಸಿಗಿಸಿ ಚಾವಿ ತಿರುವಿದೆ. ಸೈಲೆನ್ಸರಿನಿಂದ ಢಂ ಎಂದು ಗುಂಡು ಹಾರಿದ ಸದ್ದು. ಮನೆಗೆ ಹೋಗಿದ್ದವರೂ ಓಡಿಬಂದರು. ನಾನು ಏನೂ ಆಗದವಳಂತೆ ಇಳಿದು ಆ ಎರಡನ್ನು ಅದಲುಬದಲು ಮಾಡಿ ಮತ್ತೆ ಚಾವಿ ತಿರುವಿದೆ. ಇಂಜಿನ್ನು ಹೊತ್ತಿತು. ಹೊತ್ತಿದ್ದು ಮಾತ್ರವಲ್ಲ, ಎಷ್ಟು ನಯವಾಗಿ ಓಡಿತೆಂದರೆ ಬ್ಯಾಟರಿಯ ಮೇಲಿನ ದಾಸವಾಳ ಜಾಗ ಬಿಟ್ಟು ಅಲುಗಲಿಲ್ಲ. ಅತ್ತೆಯನ್ನು ಕೂರಿಸಿಕೊಂಡು ಅಂಕಲಿಯ ದಾರಿಗೆ ಇಳಿದು ಆ ಏರು ಹತ್ತಿ ಬಂದೆ. ಅತ್ತೆ ಸೆರಗು ಸರಿಮಾಡಿಕೊಂಡು, "ಪೂಜಿ ಪೂರಾ ಆದದ್ದು ಚಲೋ ಆತ ನೋಡು" ಎಂದರು. ನಾನು ಗೆದ್ದವಳು, ಉದಾರವಾಗಿ ಹೂಂ ಎಂದೆ.

ಸಂಜೆ ಇನ್ನೂ ಬೆಳಕಿರುವಾಗಲೇ ನಮ್ಮವರೂ ನಿಪ್ಪಾಣಿಯವರೂ ಒಟ್ಟಿಗೆ ಬಂದರು. ನಾನು ಚಹಕ್ಕೆ ಇಡಲು ಒಳಗೆ ಹೋದೆ. ನಿಪ್ಪಾಣಿಯವರು ಕಾರು ತೆಗೆದುಕೊಂಡು ಒಂದು ಸುತ್ತು ಹೊಡೆದು ಬಂದು ಅಗಲವಾಗಿ ನಕ್ಕರು. "ಇದಕ್ಕ ಕುಲುಕತೈತಿ ಅಂತೀರಲ್ರೀ ಸಾಹೇಬ್ರ. ಗಾಡಿ ಏಕದಮ್ ಮಸ್ತ್ ಐತಿ. ಈ ಹಂಗಾಮಿನ್ಯಾಗ ಯಾವ ಮಿಸ್ತ್ರಿ ಸಿಕ್ಕಾ ನಿಮಗ?"

ನಮ್ಮವರು ಬೆಪ್ಪಾಗಿ ನಿಂತರು. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಹೇಳಿದರು. "ಮಿಸ್ತ್ರಿ ಚಾ ತರಾಕತ್ತಾಳ, ತಡೀರಿ."

ಚಹದ ತಟ್ಟೆ ಹಿಡಿದು ಹೊರಗೆ ಬಂದಾಗ ಮೂವರೂ ನನ್ನನ್ನೇ ನೋಡುತ್ತಿದ್ದರು. ಆದರೆ ಜಂಬ ಪಡಲು ನನಗೆ ಪುರಸೊತ್ತು ಸಿಗಲಿಲ್ಲ. ನಿಪ್ಪಾಣಿಯವರು ಚಹ ಎತ್ತಿಕೊಳ್ಳುತ್ತ, "ಹಂಗಾರ ವ್ಯವಹಾರ ಈಗ ಮುಗಸಿ ಬಿಡೂಣ್ರಿ, ನಾನ ಒಯ್ತೀನಿ" ಎಂದರು. ಅಲ್ಲಿಯವರೆಗೆ ಹೊಳೆಯದೆ ಇದ್ದದ್ದು ಆಗ ಹೊಳೆಯಿತು. ಕೆಟ್ಟ ಕಾರಾಗಿದ್ದರೆ ಅವರು ಬೇಡವೆಂದು ಹೋಗುವ ಸಂಭವವಾದರೂ ಇತ್ತು. ನಾನು ಬೆಳಗಿನಿಂದ ಕೈ ಕೆತ್ತಿಸಿಕೊಂಡು ಅದನ್ನು ಮಾರಾಟಕ್ಕೆ ಸಿಂಗಾರ ಮಾಡಿಟ್ಟಿದ್ದೆ.

ನಮ್ಮವರು ನನ್ನ ಬಲಗೈ ನೋಡಿದರು. ಬೆರಳ ಗಿಣ್ಣಿನಿಂದ ಮೊಣಕೈವರೆಗೆ ಗೀರು, ಉಗುರಿನ ಸಂದಿನಲ್ಲಿ ಮಸಿ. ಆಮೇಲೆ ಬಾನೆಟ್ಟು ಎತ್ತಿ ಆ ಇಕ್ಕಟ್ಟಾದ ಸಂದಿಗೆ ತಮ್ಮ ಕೈ ಹಾಕಲು ನೋಡಿದರು. ಮಣಿಕಟ್ಟಿಗೇ ನಿಂತಿತು. ಕೈ ತೆಗೆದು, ಅಂಗಿಗೆ ಒರೆಸಿಕೊಂಡು, ನಿಪ್ಪಾಣಿಯವರ ಕಡೆ ತಿರುಗಿದರು.

"ಗಾಡಿ ನನ್ನ ಹೆಸರಿಲೆ ಐತ್ರಿ. ಖರೆ ಗಾಡಿ ಆಕೀದು. ನಾ ಆಕಿನ್ನ ಕೇಳದ ನಿಮಗ ಬರ್ರಿ ಅಂದೆ, ಅದು ನಂದ ತಪ್ಪು. ಆಕಿನ್ನ ಕೇಳ್ರಿ."

ನಾನು ಒಂದು ವಾರದಿಂದ ಮನಸ್ಸಿನಲ್ಲೇ ಒಂದು ದೊಡ್ಡ ಭಾಷಣ ತಯಾರಿಸಿ ಇಟ್ಟಿದ್ದೆ. ಹೆಣ್ಣಿನ ಸ್ವಾತಂತ್ರ್ಯ, ತವರಿನ ದಾರಿ, ಮುಂದಿನ ವರ್ಷ ಎಂಬ ಸುಳ್ಳು, ಎಲ್ಲ ಅದರಲ್ಲಿತ್ತು. ಅದರ ಒಂದು ಅಕ್ಷರವೂ ಬೇಕಾಗಲಿಲ್ಲ. "ಕೊಡೂದಿಲ್ಲರಿ ಅಣ್ಣಾರ" ಎಂದೆ. ನಿಪ್ಪಾಣಿಯವರು ದೊಡ್ಡ ಮನಸ್ಸಿನವರು, ನಕ್ಕರು. ಅತ್ತೆ ಅವರನ್ನು ಹೊತ್ತು ಮುಳುಗುವುದರೊಳಗೆ ಊಟಕ್ಕೆ ಕೂರಿಸಿದರು. ಅವರು ಎರಡು ರೊಟ್ಟಿ ಹೆಚ್ಚಿಗೆ ಉಂಡು ಬರಿಗೈಲಿ ನಿಪ್ಪಾಣಿಗೆ ಹೋದರು.

ಮರುದಿನ ಬೆಳಗ್ಗೆ ನಮ್ಮವರು ಪಾಳಿಗೆ ತಯಾರಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಬೈಕಿನ ಟಾಯರು ಇಳಿದಿತ್ತಂತೆ. ಇಷ್ಟು ವರ್ಷ ಮೊಳೆಗೆ ಹಾಕಿದ ಚಾವಿಯನ್ನು ಸುಮ್ಮನೆ ತೆಗೆದುಕೊಂಡು ಹೋಗುತ್ತಿದ್ದವರು ಅಂದು ಕೇಳಿದರು. "ಗಾಡಿ ಒಯ್ಯಲೇನು?"

ನಾನು ಒಗ್ಗರಣೆಗೆ ಸಾಸಿವೆ ಹಾಕಿ, ಅದು ಚಟಪಟ ಎನ್ನುವತನಕ ವಿಚಾರ ಮಾಡುವವಳ ಹಾಗೆ ನಿಂತು, "ಒಯ್ರಿ" ಎಂದೆ.

ಅಂದು ಅಂಕಲಿಗೆ ಬಸ್ಸಿನಲ್ಲಿ ಹೋದೆ. ಸೀಟು ಸಿಗಲಿಲ್ಲ. ಯಾರದೋ ಬುತ್ತಿಯ ಗಂಟು ನನ್ನ ಪಕ್ಕೆಗೆ ಒತ್ತುತ್ತಿತ್ತು, ಕಂಡಕ್ಟರು "ಮುಂದ ಸರೀರಿ ಟೀಚರ್" ಎನ್ನುತ್ತಿದ್ದ. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತೇ ಹೋದೆ, ಕಾರು ಇದ್ದವರು ನಿಲ್ಲುವ ಹಾಗೆ.